ಕೇಳದೆ ಉಳಿದ ಪ್ರಶ್ನೆ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿ, ವೈದ್ಯರೊಬ್ಬರು ಮಾಡಿದ ಭಾಷಣ)



ಇದೇ ಶಾಲೆಯಲ್ಲಿ ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಗೆಳೆಯನೊಬ್ಬನ ಕಥೆ ಹೇಳುತ್ತೇನೆ. ಅವನ ಒಪ್ಪಿಗೆ ಪಡೆದಿದ್ದೇನೆ, ಹೆಸರು ಹೇಳುವುದಿಲ್ಲ. ನಾನು ಡಾಕ್ಟರಾದ ಮೇಲೆ ಅವನು ಹೊಟ್ಟೆನೋವೆಂದು ಐದಾರು ಸಲ ನನ್ನ ಬಳಿ ಬಂದ. ಪ್ರತಿ ಸಲವೂ ಗ್ಯಾಸಿನ ಮಾತ್ರೆ ಬರೆದುಕೊಟ್ಟೆ. "ಕುಡಿಯುತ್ತೀಯೇನೋ?" ಎಂದು ಒಮ್ಮೆಯೂ ಕೇಳಲಿಲ್ಲ. ಗೆಳೆಯನಲ್ಲವೇ, ಸಂಕೋಚ.

ಆಮೇಲೊಂದು ದಿನ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದ. ಆಗಲೂ ಯಾರೂ ಕೇಳಲಿಲ್ಲ. ಮೂರನೆಯ ದಿನ ಮೈಯೆಲ್ಲ ನಡುಗತೊಡಗಿತು. ಗೋಡೆಯ ಮೇಲೆ ಹುಳ ಹರಿಯುತ್ತಿವೆ ಎಂದು ಕೂಗಾಡಿದ. ಗಾಳಿ ಸೋಕಿದೆ ಎಂದು ಅವನ ತಾಯಿ ತಾಯಿತ ತರಲು ಹೊರಟರು. ಅದು ಗಾಳಿಯಲ್ಲ. ದಿನವೂ ಹೆಚ್ಚು ಕುಡಿಯುವವರು ಥಟ್ಟನೆ ನಿಲ್ಲಿಸಿದಾಗ ಎರಡು ಮೂರು ದಿನಗಳಲ್ಲಿ ಹೀಗಾಗುವುದುಂಟು, ಪ್ರಾಣಕ್ಕೂ ಅಪಾಯ. ಸೇರಿದ ದಿನವೇ ಕೇಳಿದ್ದರೆ ಔಷಧಿ ಕೊಟ್ಟು ತಡೆಯಬಹುದಿತ್ತು.

ಅಂದಿನಿಂದ ನಾನು ಕೇಳಲು ಕಲಿತೆ. ಇದಕ್ಕೆಂದೇ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ 'ಆಡಿಟ್' ಎಂಬ 10 ಪ್ರಶ್ನೆಗಳಿವೆ. ಎಷ್ಟು ದಿನಕ್ಕೊಮ್ಮೆ ಕುಡಿಯುತ್ತೀರಿ? ಒಮ್ಮೆಗೆ ಎಷ್ಟು? ಬೆಳಿಗ್ಗೆ ಎದ್ದಕೂಡಲೇ ಬೇಕಾಗುತ್ತದೆಯೇ? ಕಡಿಮೆ ಮಾಡಿ ಎಂದು ಯಾರಾದರೂ ಹೇಳಿದ್ದಾರೆಯೇ? ಹೀಗೆ ಒಟ್ಟು 40 ಅಂಕ. ಮಕ್ಕಳೇ, ಈ ಪರೀಕ್ಷೆಯಲ್ಲಿ ಸೊನ್ನೆ ಬಂದವರೇ ಮೊದಲಿಗರು! 8 ಅಥವಾ ಹೆಚ್ಚು ಬಂದರೆ ಎಚ್ಚರಿಕೆಯ ಗಂಟೆ. 20 ಮುಟ್ಟಿದರೆ ತಜ್ಞರ ಚಿಕಿತ್ಸೆ ಬೇಕಾಗಬಹುದು. ತಂಬಾಕು, ಗಾಂಜಾ ಮುಂತಾದವನ್ನೂ ವಿಚಾರಿಸುವ 'ಅಸಿಸ್ಟ್' ಎಂಬ 8 ಪ್ರಶ್ನೆಗಳ ಪಟ್ಟಿಯೂ ಇದೆ.

ಕುಡಿತ ಇನ್ನೂ ಚಟವಾಗಿ ಬೇರೂರದವರಿಗೆ ಐದು ಹತ್ತು ನಿಮಿಷದ ಮಾತೇ ಔಷಧಿ. ಬೈಯುವುದಿಲ್ಲ, ಉಪದೇಶ ಮಾಡುವುದಿಲ್ಲ. "ನಿಮ್ಮ ಹೊಟ್ಟೆನೋವಿಗೂ ಇದಕ್ಕೂ ಸಂಬಂಧವಿದೆ. ನಿಮಗೇನನ್ನಿಸುತ್ತದೆ? ಎಷ್ಟು ಕಡಿಮೆ ಮಾಡಬಲ್ಲಿರಿ?" ಎನ್ನುತ್ತೇವೆ. ನಿರ್ಧಾರ ಅವರದ್ದೇ. ಎಲ್ಲರೂ ಬದಲಾಗುವುದಿಲ್ಲ, ನಿಜ. ಆದರೆ ಸಸಿಯಾಗಿದ್ದಾಗ ಕೀಳುವುದು ಸುಲಭ. ಮರವಾದ ಮೇಲೆ ಕೊಡಲಿ ಬೇಕು.

ಊರಿನವರಲ್ಲಿ ಎರಡು ಬೇಡಿಕೆ. ಯಾವ ಕಾಯಿಲೆಗೆ ಆಸ್ಪತ್ರೆಗೆ ಬಂದರೂ ಕುಡಿತ, ತಂಬಾಕಿನ ವಿಷಯ ಮುಚ್ಚಿಡಬೇಡಿ. ಹಾಗೆಯೇ, ದಿನವೂ ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ, ಆಣೆ ಹಾಕಿಸಿ ಒಂದೇ ದಿನಕ್ಕೆ ಬಿಡಿಸಲು ಹೋಗಬೇಡಿ. ಮೊದಲು ವೈದ್ಯರಿಗೆ ತೋರಿಸಿ. ಬರಲು ನಾಚಿಕೆಯಾದರೆ 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಆರಂಭವಾದ ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿ; ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ನನ್ನ ಗೆಳೆಯ ಬದುಕಿದ. ನಡುವೆ ಎರಡು ಸಲ ಮತ್ತೆ ಕುಡಿದ, ಮತ್ತೆ ಬಿಟ್ಟ. ಈಗ ಚೆನ್ನಾಗಿದ್ದಾನೆ. ಒಮ್ಮೆ ಅವನೇ ಅಂದ: "ಮೊದಲೇ ಯಾಕೆ ಕೇಳಲಿಲ್ಲವೋ? ನೀನು ಕೇಳಿದ್ದರೆ ಹೇಳುತ್ತಿದ್ದೆ."

ಗೊತ್ತಿಲ್ಲದ್ದನ್ನು ಕೇಳಲು ಸಂಕೋಚ ಪಡಬೇಡಿ ಎಂದು ನಮ್ಮ ವಿಜ್ಞಾನದ ಮೇಷ್ಟ್ರು ಇದೇ ಶಾಲೆಯಲ್ಲಿ ಹೇಳುತ್ತಿದ್ದರು. ಆ ಪಾಠ ನನಗೆ ತಡವಾಗಿ ಅರ್ಥವಾಯಿತು. ನಿಮಗೆ ತಡವಾಗದಿರಲಿ.