ಮಾರ್ಕ್ವಿಸ್ ಎಂಬ ಬಿರುದು



ಶ್ರೀರಂಗಪಟ್ಟಣದ ಚರಿತ್ರೆಯನ್ನು ಓದಿದವರಿಗೆ ಕಾರ್ನ್‌ವಾಲಿಸ್, ವೆಲ್ಲೆಸ್ಲಿ ಎಂಬ ಹೆಸರುಗಳು ಅಪರಿಚಿತವಲ್ಲ. ಇವರಿಬ್ಬರಿಗೂ 'ಮಾರ್ಕ್ವಿಸ್' ಎಂಬ ಬಿರುದಿದ್ದಿತು. ಈ ಶಬ್ದವು ಎಲ್ಲಿ ಹುಟ್ಟಿತು, ಮೊದಲು ಯಾವ ಅರ್ಥವನ್ನು ಹೊತ್ತಿತ್ತು ಎಂಬುದನ್ನು ಈ ಹೊತ್ತು ವಿಚಾರಮಾಡೋಣ.

ಹಳೆಯ ಜರ್ಮನ್ ನುಡಿಗಳಲ್ಲಿ 'ಮಾರ್ಕ' ಎಂದರೆ ಎಲ್ಲೆ, ಗಡಿ. ಕ್ರಿ. ಶ. 800ರಲ್ಲಿ ರೋಮಿನಲ್ಲಿ ಚಕ್ರವರ್ತಿಯಾಗಿ ಅಭಿಷಿಕ್ತನಾದ ಷಾರ್ಲ್‌ಮೇನನು ತನ್ನ ವಿಶಾಲವಾದ ರಾಜ್ಯವನ್ನು ಪ್ರಾಂತಗಳಾಗಿ ವಿಂಗಡಿಸಿ, ಅವುಗಳ ಆಡಳಿತವನ್ನು 'ಕೌಂಟ್' ಎಂಬ ಅಧಿಕಾರಿಗಳಿಗೆ ವಹಿಸಿದ್ದನು. ಒಳನಾಡಿಗೆ ಈ ಏರ್ಪಾಡು ಸಾಕಾಗಿತ್ತು; ಗಡಿನಾಡಿಗೆ ಸಾಲದು. ಶತ್ರುವು ಮೇಲೆ ಬಿದ್ದಾಗ ದೂರದ ಅರಸನ ಅಪ್ಪಣೆಗಾಗಿ ಕಾದು ಕುಳಿತರೆ ನಾಡು ಉಳಿಯುವುದುಂಟೆ? ಆದಕಾರಣ ಗಡಿಯ ಅಧಿಕಾರಿಗೆ ಹೆಚ್ಚಿನ ದಂಡೂ ಹೆಚ್ಚಿನ ಸ್ವಾತಂತ್ರ್ಯವೂ ದೊರೆತವು. ಇವನೇ ಜರ್ಮನರ ಮಾರ್ಕ್‌ಗ್ರಾಫ್, ಫ್ರೆಂಚರ ಮಾರ್ಕಿ, ಇಂಗ್ಲಿಷರ ಮಾರ್ಕ್ವಿಸ್. ಆದಿಯಲ್ಲಿ ಅದು ಬಿರುದಲ್ಲ, ಉದ್ಯೋಗ, ಅಲಂಕಾರವಲ್ಲ, ಕಾವಲು.

ಆದರೆ ಆಪತ್ತಿಗೆಂದು ಕೊಟ್ಟ ಅಧಿಕಾರವು ಆಪತ್ತು ಕಳೆದ ಮೇಲೆ ಅರಸನಿಗೆ ಹಿಂದಿರುಗಲಿಲ್ಲ. ಹುದ್ದೆಯು ತಂದೆಯಿಂದ ಮಗನಿಗೆ ಇಳಿದು, ಮನೆತನದ ಸ್ವತ್ತಾಯಿತು. 976ರಲ್ಲಿ ಬಾಬೆನ್‌ಬರ್ಗ್ ವಂಶದ ಲಿಯೊಪೋಲ್ಡನ ವಶದಲ್ಲಿದ್ದ ಪೂರ್ವದ ಗಡಿನಾಡೇ 1156ರಲ್ಲಿ ಡ್ಯೂಕನ ಸಂಸ್ಥಾನದ ಪದವಿಗೇರಿತು, ಅದೇ ಆಸ್ಟ್ರಿಯ. ಬ್ರಾಂಡೆನ್‌ಬರ್ಗಿನ ಗಡಿನಾಡು 1415ರಲ್ಲಿ ಹೊಹೆನ್‌ಜೊಲರ್ನ್ ವಂಶದವರಿಗೆ ಸೇರಿತು. 1701ರಲ್ಲಿ ಆ ವಂಶದವರು ಪ್ರಷ್ಯದಲ್ಲಿ ಕಿರೀಟ ಧರಿಸಿದರು. ಬಾಗಿಲು ಕಾಯಲು ನಿಂತವನೇ ಮನೆಗೆ ಯಜಮಾನನಾದಂತಾಯಿತು.

ಇಂಗ್ಲೆಂಡಿಗೆ ಈ ಶಬ್ದವು ಬರುವ ವೇಳೆಗೆ ಅದರೊಳಗಿನ ಕರ್ತವ್ಯವು ಸೋರಿಹೋಗಿ, ಗೌರವವೊಂದೇ ಉಳಿದಿತ್ತು. 1385ರಲ್ಲಿ ಎರಡನೆಯ ರಿಚರ್ಡ್ ದೊರೆಯು ತನ್ನ ಅಚ್ಚುಮೆಚ್ಚಿನ ರಾಬರ್ಟ್ ಡಿ ವೀರ್ ಎಂಬವನನ್ನು ಡಬ್ಲಿನ್ನಿನ ಮಾರ್ಕ್ವಿಸ್ ಆಗಿ ಮಾಡಿದನು. ಆ ದೇಶದಲ್ಲಿ ಈ ಬಿರುದನ್ನು ಪಡೆದವರಲ್ಲಿ ಅವನೇ ಮೊದಲಿಗ. ಡ್ಯೂಕನ ಕೆಳಗೆ, ಅರ್ಲ್‌ಗಳ ಮೇಲೆ ಹೊಸದೊಂದು ಪೀಠವನ್ನು ಹಾಕಿದುದು ಉಳಿದ ಪ್ರಭುಗಳಿಗೆ ಸಹಿಸಲಿಲ್ಲ. ಈ ಬಿರುದನ್ನು ಕಳೆದುಕೊಂಡಿದ್ದ ಜಾನ್ ಬೋಫರ್ಟನಿಗೆ ಅದನ್ನು ಮರಳಿ ಕೊಡಿಸಬೇಕೆಂದು 1402ರಲ್ಲಿ ಪಾರ್ಲಿಮೆಂಟಿನ ಸಾಮಾನ್ಯ ಸಭೆಯವರು ಕೋರಿದಾಗ, ಇದು ಇಂಗ್ಲೆಂಡಿಗೆ ಪರಕೀಯವಾದ ಹೆಸರೆಂದು ಆತನೇ ಬೇಡವೆಂದನು.

ಈಗ ಶ್ರೀರಂಗಪಟ್ಟಣಕ್ಕೆ ಹಿಂದಿರುಗೋಣ. 1792ರ ಒಪ್ಪಂದದಿಂದ ಟಿಪ್ಪು ಸುಲ್ತಾನನ ರಾಜ್ಯದಲ್ಲಿ ಸುಮಾರು ಅರ್ಧಭಾಗವು ಕೈಬಿಟ್ಟಿತು. ಅದೇ ವರ್ಷ ಕಾರ್ನ್‌ವಾಲಿಸನು ಮಾರ್ಕ್ವಿಸ್ ಆದನು. 1799ರಲ್ಲಿ ಕೋಟೆ ಬಿದ್ದು ಸುಲ್ತಾನನು ಮಡಿದನು; ಅದೇ ವರ್ಷ ವೆಲ್ಲೆಸ್ಲಿಗೂ ಆ ಬಿರುದು ಬಂದಿತು. ಅದು ಐರ್ಲೆಂಡಿನ ಶ್ರೇಣಿಯದು, ಇಂಗ್ಲೆಂಡಿನದಲ್ಲವೆಂದು ಆತನು ಬಹಳ ಅಸಮಾಧಾನಪಟ್ಟನು. ತನ್ನ ನಾಡಿನ ಎಲ್ಲೆಯನ್ನು ಕಾಯುವವನಿಗೆ ಸಂದಿದ್ದ ಹೆಸರು, ಸಾವಿರ ವರ್ಷಗಳು ಕಳೆಯುವಷ್ಟರಲ್ಲಿ, ಪರನಾಡಿನ ಎಲ್ಲೆಯನ್ನು ಅಳಿಸಿದವರಿಗೆ ಬಹುಮಾನವಾಗಿ ಪರಿಣಮಿಸಿತು.

ಬಿರುದಿನ ಚರಿತ್ರೆಯನ್ನು ಓದುವಾಗ ನಾವು ಕೇಳಬೇಕಾದ ಪ್ರಶ್ನೆಯೊಂದೇ: ಇದನ್ನು ಧರಿಸಿದವನು ಯಾವುದನ್ನು ಕಾದನು?