ಮಧುಮೇಹ ಮತ್ತು ನಮ್ಮ ಮನೆಮದ್ದು



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಸಕ್ಕರೆ ಕಾಯಿಲೆಯವರ ಮನೆಯೆಂದರೆ ಮಾತ್ರೆಯ ಪಕ್ಕದಲ್ಲಿ ಮೆಂತ್ಯದ ನೀರು, ಹಾಗಲಕಾಯಿ ರಸ, ನೇರಳೆ ಬೀಜದ ಪುಡಿ, ಮಧುನಾಶಿನಿ ಎಲೆ ಇದ್ದೇ ಇರುತ್ತವೆ. ನಮ್ಮ ಸಮುದಾಯದ ಮನೆಗಳಲ್ಲಿ ಕಲೋಂಜಿಯೂ ಸೇರುತ್ತದೆ.

ಇದೆಲ್ಲವನ್ನೂ ಮೌಢ್ಯವೆಂದು ಹೀಗಳೆಯುವುದು ನ್ಯಾಯವಲ್ಲ. ಮೆಂತ್ಯದ ನಾರು ಸಕ್ಕರೆಯು ರಕ್ತ ಸೇರುವ ವೇಗವನ್ನು ತಗ್ಗಿಸುತ್ತದೆ. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲವೂ ಯುರೋಪಿನ ಗೆಲೆಗಾ ಎಂಬ ಗಿಡವೇ. ಆದರೆ ಆ ಗಿಡದ ಅಂಶ ವಿಷಕಾರಿಯಾಗಿತ್ತು. ಅದನ್ನು ಹೋಲುವ ಸುರಕ್ಷಿತ ಸಂಯುಕ್ತವನ್ನು ತಯಾರಿಸಿ, ಪರೀಕ್ಷಿಸಿ, ಪ್ರಮಾಣ ಗೊತ್ತುಪಡಿಸಿದ ಬಳಿಕವೇ 1957ರಲ್ಲಿ ಫ್ರಾನ್ಸಿನಲ್ಲಿ ಅದು ಔಷಧವಾಗಿ ಬಳಕೆಗೆ ಬಂತು. ನಾವು ಕುದಿಸುವ ಕಷಾಯಕ್ಕೆ ಆ ಅಳತೆ ಎಲ್ಲಿದೆ?

ನೀರಾ ಕುಡಿದರೆ ಸಕ್ಕರೆ ಏರದೆಂಬ ಮಾತು ನಮ್ಮ ತೆಂಗಿನ ನಾಡಿನಲ್ಲಿದೆ. ಕಾಯಿಸಿದರೆ ಬೆಲ್ಲವಾಗುವ ಪಾನೀಯದಲ್ಲಿ ಸಕ್ಕರೆಯಿಲ್ಲವೆಂದು ನಂಬುವುದು ಹೇಗೆ?

ಮಧುಮೇಹವನ್ನು ಗುಣಪಡಿಸುವುದಾಗಿ ಜಾಹೀರಾತು ನೀಡುವುದನ್ನು 1954ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ. ಆದರೂ ಇನ್ಸುಲಿನ್ ಬಿಡಿಸುವ ಭರವಸೆ ಕೊಟ್ಟು ಪುಡಿ ಮಾರುವವರಿದ್ದಾರೆ. ಗಿಡಮೂಲಿಕೆಯ ಹೆಸರಿನ ಪುಡಿಗಳಲ್ಲಿ ಇಂಗ್ಲಿಷ್ ಮಾತ್ರೆಯನ್ನೇ ಬೆರೆಸಿದ್ದು ಹಲವು ದೇಶಗಳಲ್ಲಿ ಪತ್ತೆಯಾಗಿದೆ. ವೈದ್ಯರ ಮಾತ್ರೆಯೊಂದಿಗೆ ಅದೂ ಸೇರಿದರೆ ಸಕ್ಕರೆ ಪ್ರಾಣಾಂತಿಕವಾಗಿ ಕುಸಿಯಬಹುದು.

ಪ್ರವಾದಿವರ್ಯರು(ಸ) ಕಲೋಂಜಿಯನ್ನು ಪ್ರಶಂಸಿಸಿರುವುದು ಎಲ್ಲರಿಗೂ ತಿಳಿದಿದೆ. ಚಿಕಿತ್ಸೆ ಪಡೆಯಿರಿ ಎಂದು ಆದೇಶಿಸಿದವರೂ, ವೈದ್ಯಶಾಸ್ತ್ರ ತಿಳಿಯದೆ ಚಿಕಿತ್ಸೆ ನೀಡುವವನು ಹಾನಿಗೆ ಹೊಣೆಗಾರನೆಂದು ಎಚ್ಚರಿಸಿದವರೂ ಅವರೇ. ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಂಡರೆ ಅದು ಅನುಸರಣೆ ಆಗುವುದೇ?

ಮಾತ್ರೆ ಬಿಟ್ಟವರಿಗೆ ತಕ್ಷಣ ಏನೂ ಆಗದಿರಬಹುದು. ಹಾನಿ ಕಣ್ಣು, ಮೂತ್ರಪಿಂಡ, ನರಗಳಲ್ಲಿ ಮೌನವಾಗಿ ನಡೆಯುತ್ತದೆ. ತೋಟದಲ್ಲಿ ಬರಿಗಾಲಲ್ಲಿ ನಡೆಯುವ, ಕಾಯಿ ಸುಲಿಯುವ ಶ್ರಮಜೀವಿಯ ಮರಗಟ್ಟಿದ ಪಾದಕ್ಕೆ ಮುಳ್ಳು ಚುಚ್ಚಿದ್ದೇ ತಿಳಿಯದು. ಆ ಗಾಯ ಕಾಲನ್ನೇ ಕಳೆಯಬಹುದು. ಆಗ ಸೊರಗುವುದು ಇಡೀ ಕುಟುಂಬ.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಮನೆಯಲ್ಲಿ ಸೇವಿಸುವ ಮದ್ದನ್ನು ವೈದ್ಯರಿಂದ ಮುಚ್ಚಿಡಬೇಡಿ. ಅವರನ್ನು ಕೇಳದೆ ಇನ್ಸುಲಿನ್, ಮಾತ್ರೆ ನಿಲ್ಲಿಸಬೇಡಿ. ಹಿಂದಿನ ಎರಡು ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಕಾಲಕಾಲಕ್ಕೆ ಮಾಡಿಸಿ. ರಮಝಾನ್ ಬರುವುದಕ್ಕೆ ಮುನ್ನವೇ ಉಪವಾಸದ ಕುರಿತು ವೈದ್ಯರ ಸಲಹೆ ಪಡೆಯಿರಿ. ದೇಹವು ದೇವನು ನಮ್ಮಲ್ಲಿಟ್ಟ ಅಮಾನತ್ತು. ಅದರ ಲೆಕ್ಕವನ್ನೂ ಒಪ್ಪಿಸಬೇಕಿದೆ.