ಡಾಂಬರು ಯಾಕೆ ಕಿತ್ತು ಬರುತ್ತದೆ?

(ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಹೆರಿಗೆ ನೋವು ಬಂದವಳನ್ನು ತಗ್ಗು ಬಿದ್ದ ರಸ್ತೆಯಲ್ಲಿ ಕರೆದೊಯ್ಯುವ ಕಷ್ಟ ನಿಮಗೆ ಹೇಳಬೇಕಿಲ್ಲ. ಹೋದ ವರ್ಷ ಹಾಕಿದ ಡಾಂಬರು ಈ ವರ್ಷ ಯಾಕೆ ಕಿತ್ತು ಬರುತ್ತದೆ? "ರೊಕ್ಕ ತಿಂದಾರ್ರೀ ಸಿಸ್ಟರ್" ಅಂತೀರಿ. ಇರಬಹುದು. ಆದರೆ ಯಾದಗಿರಿ, ಶಹಾಪುರ, ಸುರಪುರದ ಎರೆಮಣ್ಣಿನ ಗುಣವೂ ಗೊತ್ತಿರಬೇಕು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಕೆಳಗಿನ ಮಣ್ಣು ಅಲುಗಿದರೆ ಮೇಲಿನ ಡಾಂಬರು ನಿಂತೀತೇ? ಅದಕ್ಕೇ ಎರೆಮಣ್ಣಿಗೆ ಸುಣ್ಣ ಬೆರೆಸಿ ಗಟ್ಟಿ ಮಾಡಬೇಕು, ಇಲ್ಲವೇ ತೆಗೆದು ಮೊರಂ ತುಂಬಬೇಕು. ಪಕ್ಕದಲ್ಲಿ ಗಟಾರವಂತೂ ಬೇಕೇ ಬೇಕು. ಗಟಾರದಲ್ಲಿ ಕಸ ಸುರಿಯುವವರು, ಗದ್ದೆಯ ನೀರು ರಸ್ತೆಗೆ ಬಿಡುವವರು ಯಾರ್ರೀ?

ಇನ್ನು ಪ್ಲಾಸ್ಟಿಕ್ ರಸ್ತೆ. ಬೆಂಗಳೂರಿನಲ್ಲಿ ಅಹ್ಮದ್ ಖಾನ್, ರಸೂಲ್ ಖಾನ್ ಸಹೋದರರು 2000ರ ದಶಕದ ಆರಂಭದಲ್ಲೇ ಇದನ್ನು ಮಾಡಿ ತೋರಿಸಿದರು. ಮದುರೈಯ ಪ್ರಾಧ್ಯಾಪಕ ವಾಸುದೇವನ್ ಅವರ ವಿಧಾನದಲ್ಲಿ ಕ್ಯಾರಿಬ್ಯಾಗಿನ ಚೂರನ್ನು ಕಾದ ಖಡಿಯ ಮೇಲೆ ಉದುರಿಸುತ್ತಾರೆ. ಅದು ಕರಗಿ ಕಲ್ಲಿಗೆ ಅಂಟುತ್ತದೆ, ನೀರು ಒಳಗೆ ಇಳಿಯುವುದು ಕಡಿಮೆಯಾಗುತ್ತದೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆದರೆ ಇದು ಮೇಲಿನ ಪದರಿಗೆ ಮಾತ್ರ, ಎರೆಮಣ್ಣಿಗೆ ಮದ್ದಲ್ಲ. ಪಿವಿಸಿ ಪೈಪಿನ ತುಂಡು ಹಾಕಬಾರದು, ವಿಷದ ಹೊಗೆ ಬರುತ್ತದೆ. ಕ್ಯಾರಿಬ್ಯಾಗ್ ಒಲೆಗೆ ಹಾಕಬೇಡ್ರಿ, ತೊಳೆದು ಒಣಗಿಸಿ ಬೇರೆ ಚೀಲದಲ್ಲಿಡ್ರಿ.

ನಿಮ್ಮೂರಿನದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಅಲ್ಲಿಯ ಬೋರ್ಡು ಓದ್ರಿ. ಕೆಲಸ ಮುಗಿದ ಮೇಲೆ 5 ವರ್ಷ ದುರಸ್ತಿ ಅದೇ ಗುತ್ತಿಗೆದಾರನ ಹೊಣೆ. ಮುಂದಿನ ಉಳಿತಾಯ ಸಭೆಗೆ ಆ ತಾರೀಖು ಬರೆದುಕೊಂಡು ಬರ್ರಿ. ಠರಾವು ಬರೆದು ಗ್ರಾಮಸಭೆಯಲ್ಲಿ ಕೇಳೋಣ.